‘ಪ್ರಶ್ನೆ ಉದ್ಭವಿಸುವುದಿಲ್ಲ’: ಪ್ರಶ್ನೋತ್ತರ ವೇಳೆಯ ಪಾಠಕ್ಕೊಂದು ಯೋಜನೆ

ಪೀಠಿಕೆ

ಶಾಸಕಾಂಗದ ಘಟಕವನ್ನು ಬೋಧನಾಭ್ಯಾಸಕ್ಕೆ ಆರಿಸಿಕೊಳ್ಳುವ ಪ್ರಶಿಕ್ಷಣಾರ್ಥಿಗಳ ಪಾಠ ಯೋಜನೆಯಲ್ಲಿ ಪ್ರಶ್ನೋತ್ತರ ವೇಳೆಗೆ ಸಾಮಾನ್ಯವಾಗಿ ಸಿಗುವುದು ಎರಡು ಸಾಲು: ‘ಸದನದ ಕಲಾಪದ ಮೊದಲ ಗಂಟೆ ಪ್ರಶ್ನೋತ್ತರ ವೇಳೆ, ಅದರ ನಂತರದ್ದು ಶೂನ್ಯ ವೇಳೆ.’ ಮಕ್ಕಳು ಅದನ್ನು ಬರೆದುಕೊಳ್ಳುತ್ತಾರೆ, ಪರೀಕ್ಷೆಯಲ್ಲಿ ಒಂದು ಅಂಕ ಪಡೆಯುತ್ತಾರೆ, ಅಲ್ಲಿಗೆ ಮುಗಿಯಿತು. ಆ ಎರಡು ಸಾಲು ಪೂರ್ತಿ ಸರಿಯೂ ಅಲ್ಲ. ರಾಜ್ಯಸಭೆಯಲ್ಲಿ 2014ರಿಂದ ಪ್ರಶ್ನೋತ್ತರ ವೇಳೆ ಆರಂಭವಾಗುವುದು ಮಧ್ಯಾಹ್ನ 12 ಗಂಟೆಗೆ.

ಸಮಯಕ್ಕಿಂತ ಮುಖ್ಯವಾದದ್ದು ಬೇರೆ ಇದೆ. ಅಜ್ಜಿಯ ಪಿಂಚಣಿ, ಅಂಗನವಾಡಿಯ ಕಟ್ಟಡ, ವಿದ್ಯಾರ್ಥಿನಿಲಯದ ಊಟ, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರ ಹುದ್ದೆ, ಇವೆಲ್ಲಕ್ಕೂ ಯಾರೋ ಒಬ್ಬ ಸಚಿವರು ಹೊಣೆ. ಆ ಹೊಣೆಯನ್ನು ಸದನದಲ್ಲಿ ಕೇಳುವ ಅಧಿಕಾರ ಒಬ್ಬ ಸಾಮಾನ್ಯ ಸದಸ್ಯನಿಗೂ ಇದೆ ಎಂಬುದು ಮಗುವಿಗೆ ತಿಳಿಯಬೇಕು. ಅದಕ್ಕಿಂತ ಹೆಚ್ಚಾಗಿ, ಕೇಳುವ ಬಗೆ ಬದಲಾದರೆ ಸಿಗುವ ಉತ್ತರವೂ ಬದಲಾಗುತ್ತದೆ ಎಂಬುದು ತಿಳಿಯಬೇಕು. ಒಂಬತ್ತನೇ ತರಗತಿಗೆ ಎರಡು ಅವಧಿಗಳಲ್ಲಿ ಇದನ್ನು ಕಲಿಸುವ ಒಂದು ಯೋಜನೆಯನ್ನು ಇಲ್ಲಿ ವಿವರಿಸಿದೆ.

ಶಿಕ್ಷಕರಿಗೆ ಬೇಕಾದ ವಿಷಯ ಜ್ಞಾನ

ಪ್ರಶ್ನೆ ಕೇಳುವ ಹಕ್ಕು ಒಮ್ಮೆಗೇ ಬಂದದ್ದಲ್ಲ. 1892ರ ಭಾರತ ಪರಿಷತ್ತುಗಳ ಕಾಯ್ದೆ ಸದಸ್ಯರಿಗೆ ಪ್ರಶ್ನೆ ಕೇಳಲು ಅವಕಾಶ ಕೊಟ್ಟಿತು. ಆದರೆ ಉತ್ತರ ಬಂದ ಮೇಲೆ ಮತ್ತೆ ಮಾತನಾಡುವಂತಿರಲಿಲ್ಲ. 1909ರ ಸುಧಾರಣೆಯಿಂದ ಮೂಲ ಪ್ರಶ್ನೆ ಕೇಳಿದವರಿಗೆ ಮಾತ್ರ ಉಪಪ್ರಶ್ನೆಯ ಹಕ್ಕು ಸಿಕ್ಕಿತು. 1919ರ ಸುಧಾರಣೆಯ ನಂತರ ಆ ಹಕ್ಕು ಇತರ ಸದಸ್ಯರಿಗೂ ವಿಸ್ತರಿಸಿತು. ಈ ಮೂರು ಹಂತಗಳನ್ನು ಕಪ್ಪುಹಲಗೆಯ ಮೇಲೆ ಬರೆದರೆ ಉಪಪ್ರಶ್ನೆ ಎಷ್ಟು ಬೆಲೆಯುಳ್ಳದ್ದು ಎಂಬುದು ತಾನಾಗಿ ಕಾಣುತ್ತದೆ.

ಇಂದು ಇದರ ತಳಹದಿ ಸಂವಿಧಾನದಲ್ಲಿದೆ. ಕೇಂದ್ರ ಮಂತ್ರಿಮಂಡಲ ಲೋಕಸಭೆಗೆ ಸಾಮೂಹಿಕವಾಗಿ ಹೊಣೆ ಎಂದು 75(3)ನೇ ವಿಧಿಯೂ, ರಾಜ್ಯ ಮಂತ್ರಿಮಂಡಲ ವಿಧಾನಸಭೆಗೆ ಹೊಣೆ ಎಂದು 164(2)ನೇ ವಿಧಿಯೂ ಹೇಳುತ್ತವೆ. ಚುಕ್ಕೆ ಗುರುತಿನ ಪ್ರಶ್ನೆಗೆ ಸಚಿವರು ಸದನದಲ್ಲಿ ಮೌಖಿಕವಾಗಿ ಉತ್ತರಿಸುತ್ತಾರೆ, ಉಪಪ್ರಶ್ನೆಗೆ ಅವಕಾಶವಿದೆ. ಚುಕ್ಕೆ ಗುರುತಿಲ್ಲದ ಪ್ರಶ್ನೆಗೆ ಲಿಖಿತ ಉತ್ತರ ಮಾತ್ರ, ಉಪಪ್ರಶ್ನೆ ಇಲ್ಲ. ಲೋಕಸಭೆಯಲ್ಲಿ ಒಂದು ದಿನದ ಪಟ್ಟಿಗೆ ಚುಕ್ಕೆ ಗುರುತಿನ 20, ಗುರುತಿಲ್ಲದ 230 ಪ್ರಶ್ನೆಗಳು ಸೇರುತ್ತವೆ.

ಪ್ರಶ್ನೆಯ ಬಲಕ್ಕೆ ಹಳೆಯ ಉದಾಹರಣೆಯೊಂದಿದೆ. 1956ರಲ್ಲಿ ರಾಷ್ಟ್ರೀಕರಣಗೊಂಡ ಜೀವ ವಿಮೆಯ ಹಣದಲ್ಲಿ ಸುಮಾರು 1.25 ಕೋಟಿ ರೂಪಾಯಿಯನ್ನು ಹರಿದಾಸ್ ಮುಂದ್ರಾ ಎಂಬ ಉದ್ಯಮಿಯ ಕಂಪನಿಗಳ ಷೇರುಗಳಿಗೆ ತೊಡಗಿಸಿದ ವಿಚಾರ 1957ರಲ್ಲಿ ಲೋಕಸಭೆಯಲ್ಲಿ ಪ್ರಶ್ನೆಯಾಗಿ ಬಂತು. ಡಿಸೆಂಬರಿನಲ್ಲಿ ಫಿರೋಜ್ ಗಾಂಧಿ ಅದನ್ನು ಚರ್ಚೆಗೆ ಎತ್ತಿದರು. ಅವರು ಆಡಳಿತ ಪಕ್ಷದವರೇ ಆಗಿದ್ದರು ಎಂಬುದನ್ನು ಮಕ್ಕಳಿಗೆ ತಪ್ಪದೆ ಹೇಳಬೇಕು. ನ್ಯಾಯಮೂರ್ತಿ ಎಂ.ಸಿ. ಛಾಗ್ಲಾ ಅವರ ವಿಚಾರಣಾ ಆಯೋಗ ಬಹಿರಂಗ ವಿಚಾರಣೆ ನಡೆಸಿತು. 1958ರ ಫೆಬ್ರವರಿಯಲ್ಲಿ ಹಣಕಾಸು ಸಚಿವ ಟಿ.ಟಿ. ಕೃಷ್ಣಮಾಚಾರಿ ರಾಜೀನಾಮೆ ನೀಡಿದರು. ವಿಮೆ ಕಟ್ಟಿದ ಸಾಮಾನ್ಯ ಜನರ ಹಣದ ಲೆಕ್ಕವನ್ನು ಸದನ ಕೇಳಿದ್ದರಿಂದ ಆದದ್ದಿದು.

ಮೊದಲ ಅವಧಿ: ಎರಡು ಉತ್ತರಗಳನ್ನು ಓದುವುದು

ಪಾಠದ ತಿರುಳು 2020ರ ಸೆಪ್ಟೆಂಬರಿನ ಎರಡು ಉತ್ತರಗಳು. ಆ ಅಧಿವೇಶನ ಕೋವಿಡ್ ಕಾಲದ್ದು. ಎರಡೂ ಸದನಗಳಲ್ಲಿ ಪ್ರಶ್ನೋತ್ತರ ವೇಳೆಯನ್ನು ಕೈಬಿಡಲಾಗಿತ್ತು. ಲಿಖಿತ ಉತ್ತರಗಳು ಮಾತ್ರ ಇದ್ದವು.

ಮೊದಲನೆಯದು ಲೋಕಸಭೆಯದು. ಲಾಕ್‌ಡೌನಿನಲ್ಲಿ ಊರಿಗೆ ಮರಳುವಾಗ ಅನೇಕ ವಲಸೆ ಕಾರ್ಮಿಕರು ಸತ್ತದ್ದು ಸರ್ಕಾರಕ್ಕೆ ತಿಳಿದಿದೆಯೇ, ಅದರ ವಿವರವೇನು, ಅವರ ಕುಟುಂಬಗಳಿಗೆ ಪರಿಹಾರ ಕೊಡಲಾಗಿದೆಯೇ ಎಂದು ಪ್ರಶ್ನೆ ಕೇಳಲಾಗಿತ್ತು. ಅಂಥ ದತ್ತಾಂಶವನ್ನು ಇಟ್ಟಿಲ್ಲ ಎಂದು ಕಾರ್ಮಿಕ ಸಚಿವಾಲಯ ಉತ್ತರಿಸಿತು. ಪರಿಹಾರದ ಭಾಗಕ್ಕೆ ಬಂದ ಉತ್ತರ: ಮೇಲಿನ ಉತ್ತರದ ಹಿನ್ನೆಲೆಯಲ್ಲಿ ಪ್ರಶ್ನೆ ಉದ್ಭವಿಸುವುದಿಲ್ಲ.

ಎರಡನೆಯದು ಅದೇ ವಾರ ರಾಜ್ಯಸಭೆಯಲ್ಲಿ ಬಂದದ್ದು. ಅದು ಶ್ರಮಿಕ ವಿಶೇಷ ರೈಲುಗಳಲ್ಲಿ ಆದ ಸಾವುಗಳ ಬಗ್ಗೆ. ರಾಜ್ಯ ಪೊಲೀಸರು ಕೊಟ್ಟ ಮಾಹಿತಿಯಂತೆ ಸೆಪ್ಟೆಂಬರ್ 9ರವರೆಗೆ 97 ಮಂದಿ ಸತ್ತಿದ್ದಾರೆ, 87 ಪ್ರಕರಣಗಳಲ್ಲಿ ಮರಣೋತ್ತರ ಪರೀಕ್ಷೆಗೆ ಕಳಿಸಲಾಗಿದೆ, 51 ವರದಿಗಳು ಬಂದಿವೆ ಎಂದು ರೈಲ್ವೆ ಸಚಿವಾಲಯ ತಿಳಿಸಿತು.

ಎರಡನ್ನೂ ಸರಳ ಕನ್ನಡದಲ್ಲಿ ಬರೆದ ಹಾಳೆಯನ್ನು ಗುಂಪುಗಳಿಗೆ ಕೊಟ್ಟು ಮೂರು ಪ್ರಶ್ನೆ ಕೇಳಬೇಕು. ಒಂದು: ದುಃಖ ಒಂದೇ, ಅಧಿವೇಶನ ಒಂದೇ, ಒಂದು ಕಡೆ ಅಂಕಿ ಬಂತು, ಇನ್ನೊಂದು ಕಡೆ ಬರಲಿಲ್ಲ, ಏಕೆ? ಎರಡು: ಮೊದಲ ಉತ್ತರದಲ್ಲಿ ಪರಿಹಾರದ ಮಾತು ಎಲ್ಲಿ ಬಿದ್ದುಹೋಯಿತು? ಮೂರು: ಎರಡನೆಯ ಉತ್ತರ ಕೇಳಿದ ಮೇಲೆ ನೀವು ಸದಸ್ಯರಾಗಿದ್ದರೆ ಇನ್ನೇನು ಕೇಳುತ್ತಿದ್ದಿರಿ?

ಮೊದಲ ಪ್ರಶ್ನೆಗೆ ಮಕ್ಕಳು ‘ಆ ಸಚಿವರು ಒಳ್ಳೆಯವರು, ಈ ಸಚಿವರು ಕೆಟ್ಟವರು’ ಎಂದು ಹೇಳುವ ಸಂಭವ ಹೆಚ್ಚು. ಶಿಕ್ಷಕರು ಅವರನ್ನು ಪ್ರಶ್ನೆಯ ವ್ಯಾಪ್ತಿಯ ಕಡೆಗೆ ತಿರುಗಿಸಬೇಕು. ಒಂದು ಪ್ರಶ್ನೆ ಇಡೀ ದೇಶದ ರಸ್ತೆ, ಊರು, ಹಳಿಗಳನ್ನೆಲ್ಲ ಒಳಗೊಂಡಿತ್ತು. ಅಷ್ಟನ್ನೂ ದಾಖಲಿಸಿದ ಕಡತ ಆ ಸಚಿವಾಲಯದ ಬಳಿ ಇರಲಿಲ್ಲ. ಇನ್ನೊಂದು ನಿರ್ದಿಷ್ಟ ರೈಲುಗಳದ್ದು. ಅಲ್ಲಿನ ಸಾವುಗಳಿಗೆ ಪೊಲೀಸ್ ದಾಖಲೆ ಇತ್ತು. ಹಾಗೆಂದು ದೊಡ್ಡ ಪ್ರಶ್ನೆ ತಪ್ಪು ಎಂದಲ್ಲ. ‘ದತ್ತಾಂಶ ಇಟ್ಟಿಲ್ಲ’ ಎಂಬುದೂ ಸದನದ ದಾಖಲೆಗೆ ಸೇರಿದ ಉತ್ತರ. ಏಕೆ ಇಟ್ಟಿಲ್ಲ ಎಂದು ಮುಂದೆ ಕೇಳಲು ಅದು ಆಧಾರವಾಗುತ್ತದೆ.

ಎರಡನೆಯದಕ್ಕೆ ಉತ್ತರ ಪ್ರಶ್ನೆಯ ಹೆಣಿಗೆಯಲ್ಲಿದೆ. ಪರಿಹಾರದ ಮಾತು ಸಾವಿನ ವಿವರಕ್ಕೆ ಜೋತುಬಿದ್ದಿತ್ತು. ವಿವರ ಇಲ್ಲ ಎಂದಾಗ ಪರಿಹಾರವೂ ಬಿತ್ತು. ಮೂರನೆಯದಕ್ಕೆ ಮಕ್ಕಳಿಗೆ ಲೆಕ್ಕವೇ ದಾರಿ ತೋರಿಸುತ್ತದೆ: 87ರಲ್ಲಿ 51 ಕಳೆದರೆ 36. ಆ 36 ವರದಿಗಳು ಎಲ್ಲಿ? ಉಳಿದ 10 ಮಂದಿಯ ಮರಣೋತ್ತರ ಪರೀಕ್ಷೆ ಏಕೆ ಆಗಲಿಲ್ಲ? ಇದೇ ಉಪಪ್ರಶ್ನೆ. ಆ ಅಧಿವೇಶನದಲ್ಲಿ ಅದನ್ನು ಎದ್ದು ನಿಂತು ಕೇಳುವ ವೇಳೆಯೇ ಇರಲಿಲ್ಲ ಎಂಬುದನ್ನು ಇಲ್ಲಿ ಹೇಳಿದರೆ ಪ್ರಶ್ನೋತ್ತರ ವೇಳೆಯ ಅರ್ಥವನ್ನು ವ್ಯಾಖ್ಯೆಯಿಲ್ಲದೆ ಮಕ್ಕಳು ಗ್ರಹಿಸುತ್ತಾರೆ.

ಎರಡನೆಯ ಅವಧಿ: ಪ್ರಶ್ನೆ ರೂಪಿಸುವುದು

ಲೋಕಸಭೆಯ ನಿಯಮಾವಳಿಯ 41ನೇ ನಿಯಮ ಪ್ರಶ್ನೆ ಹೇಗಿರಬೇಕೆಂದು ಹೇಳುತ್ತದೆ. ಅದರಲ್ಲಿ ವಾದ, ವ್ಯಂಗ್ಯ, ಆರೋಪ ಇರಬಾರದು, ಅಭಿಪ್ರಾಯ ಕೇಳಬಾರದು, ಸಾಮಾನ್ಯವಾಗಿ 150 ಪದ ಮೀರಬಾರದು, ಸುಲಭವಾಗಿ ಸಿಗುವ ದಾಖಲೆಗಳಲ್ಲಿರುವ ಮಾಹಿತಿಯನ್ನು ಕೇಳಬಾರದು. ಇವನ್ನು ಕಪ್ಪುಹಲಗೆಯ ಒಂದು ಬದಿಗೆ ಬರೆದು, ಇನ್ನೊಂದು ಬದಿಗೆ ಈ ವಾಕ್ಯ ಬರೆಯಿರಿ:

‘ಅಂಗನವಾಡಿ ಮಕ್ಕಳು ಸೋರುವ ಮಾಳಿಗೆಯ ಕೆಳಗೆ ಕೂತಿದ್ದರೂ ಸರ್ಕಾರ ನಿದ್ದೆ ಮಾಡುತ್ತಿದೆಯೇ?’

ಇದನ್ನು ಯಾವ ನಿಯಮಗಳು ತಡೆಯುತ್ತವೆ ಎಂದು ಮಕ್ಕಳೇ ಗುರುತಿಸಲಿ. ಮುಂದಿನ ಹೆಜ್ಜೆಯಾಗಿ ನಮ್ಮ ವಿಧಾನಮಂಡಲದ ಪ್ರಶ್ನೆಗಳಲ್ಲಿ ಹೆಚ್ಚಾಗಿ ಕಾಣುವ ರೂಪವನ್ನು ತೋರಿಸಿ: ‘ಅ) ... ಸರ್ಕಾರದ ಗಮನಕ್ಕೆ ಬಂದಿದೆಯೇ, ಆ) ಹಾಗಿದ್ದಲ್ಲಿ, ಕೈಗೊಂಡ ಕ್ರಮಗಳೇನು?’ ಈ ರೂಪದಲ್ಲಿ ಒಂದು ಅಪಾಯವಿದೆ. ‘ಅ’ಗೆ ‘ಇಲ್ಲ’ ಎಂದು ಉತ್ತರ ಬಂದರೆ ‘ಆ’ಗೆ ‘ಪ್ರಶ್ನೆ ಉದ್ಭವಿಸುವುದಿಲ್ಲ’ ಎಂದು ಮುಗಿಸಬಹುದು. ಹಿಂದಿನ ದಿನ ಓದಿದ ಉತ್ತರವನ್ನು ಮಕ್ಕಳು ಇಲ್ಲಿ ನೆನಪಿಸಿಕೊಳ್ಳುತ್ತಾರೆ. ಆಮೇಲೆ ಗುಂಪುಗಳು ಪ್ರಶ್ನೆಯನ್ನು ತಿದ್ದಿ ಬರೆಯಲಿ. ಮಾದರಿಗೆ:

ಅ) ತಾಲ್ಲೂಕಿನಲ್ಲಿರುವ ಅಂಗನವಾಡಿ ಕೇಂದ್ರಗಳ ಸಂಖ್ಯೆ ಎಷ್ಟು;
ಆ) ಅವುಗಳಲ್ಲಿ ಸ್ವಂತ ಕಟ್ಟಡ ಇರುವವು ಎಷ್ಟು, ಬಾಡಿಗೆ ಕಟ್ಟಡದಲ್ಲಿರುವವು ಎಷ್ಟು (ಗ್ರಾಮವಾರು ವಿವರ ನೀಡುವುದು);
ಇ) ಕಳೆದ ಎರಡು ವರ್ಷಗಳಲ್ಲಿ ದುರಸ್ತಿಗೆ ಮಂಜೂರಾದ ಅನುದಾನ ಎಷ್ಟು, ಖರ್ಚಾದದ್ದು ಎಷ್ಟು;
ಈ) ಬಾಕಿ ಕಾಮಗಾರಿ ಯಾವ ಕಾಲಮಿತಿಯಲ್ಲಿ ಪೂರ್ಣಗೊಳ್ಳುವುದು?

ಇಲ್ಲಿ ಪ್ರತಿ ಭಾಗವೂ ತನ್ನ ಕಾಲ ಮೇಲೆ ನಿಲ್ಲುತ್ತದೆ. ಒಂದಕ್ಕೆ ಉತ್ತರ ತಪ್ಪಿದರೂ ಉಳಿದವು ಬೀಳುವುದಿಲ್ಲ.

ಕೊನೆಯ ಹದಿನೈದು ನಿಮಿಷ ಅಣಕು ಸದನ. ಸಭಾಧ್ಯಕ್ಷರು, ಸಚಿವರು, ಪ್ರಶ್ನೆ ಕೇಳುವ ಸದಸ್ಯರು, ಉಪಪ್ರಶ್ನೆ ಕೇಳುವ ಇಬ್ಬರು ಸಾಕು. ಸಚಿವರ ಪಾತ್ರ ವಹಿಸುವ ಮಗುವಿಗೆ ಮುಂಚಿತವಾಗಿ ಪ್ರಶ್ನೆ ಕೊಟ್ಟು ಉತ್ತರ ಸಿದ್ಧಪಡಿಸಿಕೊಳ್ಳಲು ಬಿಡಬೇಕು. ನಿಜವಾದ ಸಚಿವರಿಗೂ ಸೂಚನೆಯ ಅವಧಿ ಇರುವುದು ಇದಕ್ಕಾಗಿಯೇ. ಲೋಕಸಭೆಯಲ್ಲಿ ಅದು 15 ದಿನ. ಉತ್ತರದಲ್ಲಿ ‘ಪರಿಶೀಲಿಸಲಾಗುವುದು’ ಎಂಬ ಮಾತು ಬಂದರೆ ಸಭಾಧ್ಯಕ್ಷರು ಕಪ್ಪುಹಲಗೆಯಲ್ಲಿ ಗುರುತು ಹಾಕಲಿ. ಸಚಿವರ ಇಂಥ ಮಾತು ಸದನದಲ್ಲಿ ಗಾಳಿಗೆ ಹೋಗುವುದಿಲ್ಲ. ಅದು ಭರವಸೆಯಾಗಿ ದಾಖಲಾಗುತ್ತದೆ. ಲೋಕಸಭೆಯಲ್ಲಿ 1953ರಿಂದ ಸರ್ಕಾರಿ ಭರವಸೆಗಳ ಸಮಿತಿ ಇದೆ, ಭರವಸೆ ಈಡೇರಿಸಲು ಮೂರು ತಿಂಗಳ ಗಡುವು ಇದೆ. ಕರ್ನಾಟಕದ ವಿಧಾನಮಂಡಲದಲ್ಲೂ ಇಂಥ ಸಮಿತಿ ಇದೆ.

ತರಗತಿಯಲ್ಲಿ ಎಚ್ಚರ ಬೇಕಾದ ಕಡೆಗಳು

ಪಕ್ಷದ ಹೆಸರು ಬೇಡ. ಉದಾಹರಣೆಗಳಲ್ಲಿ ಸಚಿವಾಲಯದ ಹೆಸರು ಸಾಕು. ಯಾವ ಮಗುವಾದರೂ ಪಕ್ಷದ ಹೆಸರೆತ್ತಿದರೆ ಬೈಯದೆ, ‘ಈ ಪ್ರಶ್ನೆಯನ್ನು ಯಾವ ಪಕ್ಷದ ಸರ್ಕಾರಕ್ಕೂ ಕೇಳಬಹುದೇ?’ ಎಂದು ಕೇಳಿ. ಕೇಳಬಹುದಾದರೆ ಅದು ಒಳ್ಳೆಯ ಪ್ರಶ್ನೆ.

ಮಕ್ಕಳ ಮನೆಯ ಕಷ್ಟ ತರಗತಿಯ ಸಾಮಗ್ರಿಯಾಗಬಾರದು. ‘ಯಾರ ಮನೆಯಲ್ಲಿ ವಿಧವಾ ವೇತನ ಬರುತ್ತದೆ? ಕೈ ಎತ್ತಿ’ ಎಂಬ ಪ್ರಶ್ನೆಯನ್ನು ಯಾವ ಪ್ರಶಿಕ್ಷಣಾರ್ಥಿಯೂ ಕೇಳಕೂಡದು. ಪಿಂಚಣಿಯ ಬಗ್ಗೆ ಮಾತನಾಡಲು ‘ಒಬ್ಬ ವೃದ್ಧೆ, ನಾಲ್ಕು ತಿಂಗಳಿಂದ ಹಣ ಬಂದಿಲ್ಲ’ ಎಂಬ ಕಲ್ಪಿತ ಸನ್ನಿವೇಶ ಸಾಕು.

ಮೂರನೆಯದು ಎಲ್ಲಕ್ಕಿಂತ ಕಷ್ಟದ್ದು. ‘ಸರ್, ನಮ್ಮ ಶಾಲೆ ಶೌಚಾಲಯಕ್ಕೆ ನೀರಿಲ್ಲ. ಅದನ್ನೂ ಕೇಳಬಹುದಾ?’ ಎಂದು ಮಗು ಕೇಳಬಹುದು. ಅಭ್ಯಾಸ ಶಾಲೆಯಲ್ಲಿ ಅತಿಥಿಯಂತಿರುವ ಪ್ರಶಿಕ್ಷಣಾರ್ಥಿಗೆ ಮುಜುಗರವಾಗುವುದು ಸಹಜ. ‘ಅದೆಲ್ಲ ಈಗ ಬೇಡ’ ಎಂದರೆ ಎರಡು ಅವಧಿಯ ಪಾಠ ಒಂದೇ ಮಾತಿನಲ್ಲಿ ಹಾಳಾಗುತ್ತದೆ. ಹಾಗೆ ಹೇಳುವ ಬದಲು, ‘ಇದಕ್ಕೆ ಯಾರು ಹೊಣೆ, ಯಾರನ್ನು ಮೊದಲು ಕೇಳಬೇಕು?’ ಎಂದು ಹಿಂತಿರುಗಿಸಿ. ಮುಖ್ಯೋಪಾಧ್ಯಾಯರು, ಎಸ್‌ಡಿಎಂಸಿ, ಗ್ರಾಮ ಪಂಚಾಯಿತಿ, ಮಕ್ಕಳ ಗ್ರಾಮಸಭೆ, ಹೀಗೆ ಮೆಟ್ಟಿಲುಗಳಿವೆ. ವಿಧಾನಸಭೆ ಕೊನೆಯ ಮೆಟ್ಟಿಲು. ಇದಕ್ಕೆ ಅವಕಾಶವಿರಲೆಂದು ಪಾಠಕ್ಕೆ ಮುಂಚೆಯೇ ಮುಖ್ಯೋಪಾಧ್ಯಾಯರ ಜೊತೆ ಮಾತನಾಡಿ ಪಾಠ ಯೋಜನೆ ತೋರಿಸಿರುವುದು ಒಳ್ಳೆಯದು.

ಮೌಲ್ಯಮಾಪನ

‘ಪ್ರಶ್ನೋತ್ತರ ವೇಳೆ ಎಂದರೇನು?’ ಎಂದು ಕೇಳಬೇಡಿ. ನಾಲ್ಕು ಸಾಲಿನ ಒಂದು ಸಚಿವರ ಉತ್ತರ ಕೊಟ್ಟು, ಅದಕ್ಕೆ ಒಂದು ಉಪಪ್ರಶ್ನೆ ಬರೆಯಲು ಹೇಳಿ. 10 ಅಂಕಗಳನ್ನು ಹೀಗೆ ಹಂಚಬಹುದು: ಉಪಪ್ರಶ್ನೆ ಕೊಟ್ಟ ಉತ್ತರದಿಂದಲೇ ಹುಟ್ಟಿದೆಯೇ (4), ಸಂಖ್ಯೆ, ದಿನಾಂಕ ಅಥವಾ ಸ್ಥಳವನ್ನು ಕೇಳುತ್ತದೆಯೇ (3), ಆರೋಪ, ವ್ಯಂಗ್ಯವಿಲ್ಲದೆ ಇದೆಯೇ (2), ಸರಿಯಾದ ಇಲಾಖೆಯನ್ನು ಕೇಳಿದೆಯೇ (1).

ಪಾಠ ವೀಕ್ಷಿಸುವ ಮಾರ್ಗದರ್ಶಕರಿಗೆ ಒಂದು ಸೂಚನೆ. ವೀಕ್ಷಣಾ ಪುಸ್ತಕದಲ್ಲಿ ಶಿಕ್ಷಕರು ಕೇಳಿದ ಪ್ರಶ್ನೆಗಳನ್ನು ಎಣಿಸುವುದು ರೂಢಿ. ಈ ಪಾಠದಲ್ಲಿ ಮಕ್ಕಳು ಕೇಳಿದ ಪ್ರಶ್ನೆಗಳನ್ನೂ ಬರೆದುಕೊಳ್ಳಿ, ಪ್ರಶಿಕ್ಷಣಾರ್ಥಿ ಅವುಗಳಿಗೆ ಏನು ಉತ್ತರಿಸಿದರು ಎಂಬುದನ್ನೂ ಬರೆದುಕೊಳ್ಳಿ. ವಿಮರ್ಶೆಯ ಹೊತ್ತಿಗೆ ಚರ್ಚಿಸಬೇಕಾದದ್ದು ಮೊದಲು ಆ ಪಟ್ಟಿ.