ಫ್ರೆಂಚ್ ಕ್ರಾಂತಿಕಾಲ ಮತ್ತು ಮೈಸೂರು: ಎರಡು ಚಿತ್ರಾಕರಗಳು

ಫ್ರೆಂಚ್ ಕ್ರಾಂತಿಕಾಲದ ಜನಜೀವನದ ಅಧ್ಯಯನಕ್ಕೆ ಮೈಸೂರಿನ ಸಂಬಂಧವುಳ್ಳ ಎರಡು ಚಿತ್ರಗಳು ಉಪಯುಕ್ತ ಆಕರಗಳಾಗಿವೆ. ಟಿಪ್ಪು ಸುಲ್ತಾನನು ಫ್ರಾನ್ಸಿಗೆ ಕಳುಹಿಸಿದ ರಾಯಭಾರಿ ಮಹಮ್ಮದ್ ದರ್ವೇಶ್ ಖಾನನ ಭಾವಚಿತ್ರವನ್ನು ಎಲಿಜಬೆತ್ ವಿಜೆ ಲೆ ಬ್ರನ್ 1788ರಲ್ಲಿ ಪ್ಯಾರಿಸಿನಲ್ಲಿ ರಚಿಸಿದರು. ಅದು ಪ್ರದರ್ಶನಗೊಂಡದ್ದು 1789ರಲ್ಲಿ, ಬ್ಯಾಸ್ಟಿಲ್ ಪತನದ ತರುವಾಯ. ರಾಣಿಯ ಚಿತ್ರಗಾರ್ತಿಯಾಗಿದ್ದ ಅವರು ಅದೇ ಅಕ್ಟೋಬರಿನಲ್ಲಿ ದೇಶ ತೊರೆದರು. ಇತ್ತ ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಯ ಭಿತ್ತಿಯಲ್ಲಿ, 1780ರ ಪೊಳ್ಳಿಲೂರು ಯುದ್ಧವನ್ನು ದೂರದರ್ಶಕ ಹಿಡಿದು ವೀಕ್ಷಿಸುವ ಫ್ರೆಂಚ್ ಸೇನಾನಿ ಲಾಲಿಯ ಚಿತ್ರಣವಿದೆ. ಮೊದಲನೆಯದು ಫ್ರೆಂಚರು ಕಂಡ ಮೈಸೂರಿಗರನ್ನೂ ಎರಡನೆಯದು ಮೈಸೂರಿಗರು ಕಂಡ ಫ್ರೆಂಚರನ್ನೂ ತೋರಿಸುತ್ತದೆ. ಆದರೆ ಎರಡಕ್ಕೂ ಒಂದೇ ಪ್ರಮಾಣ ಸಲ್ಲದು. ಭಿತ್ತಿಚಿತ್ರವನ್ನು 19ನೆಯ ಶತಮಾನದಲ್ಲಿ ಮರಳಿ ಬರೆಯಿಸಲಾಗಿದೆ. ಆದ್ದರಿಂದ ಅದರ ಉಡುಪು, ಬಣ್ಣಗಳ ವಿವರಗಳನ್ನು ಲಿಖಿತ ದಾಖಲೆಗಳೊಡನೆ ತಾಳೆ ನೋಡದೆ ಟಿಪ್ಪುವಿನ ಕಾಲದ ನೇರ ಸಾಕ್ಷ್ಯವೆಂದು ಸ್ವೀಕರಿಸಲಾಗದು.