ತೆರೆಯುವ ಸೇತುವೆಯೂ ಅದರ ವೇಳಾಪಟ್ಟಿಯೂ

ರೈಲುದಾರಿಯ ಗೇಟಿನ ಮುಂದೆ ಕಾದು ನಿಲ್ಲದವರು ನಮ್ಮಲ್ಲಿ ವಿರಳ. ರೈಲು ಹಾದುಹೋಗುವವರೆಗೆ ರಸ್ತೆಯವರು ನಿಲ್ಲತಕ್ಕದ್ದೆಂಬುದರಲ್ಲಿ ಯಾರಿಗೂ ವಾದವಿಲ್ಲ. ಯಾಕಂದರೆ ರೈಲು ಬರುವ ಹೊತ್ತು ಮೊದಲೇ ಗೊತ್ತಾಗಿರುತ್ತದೆ. ಆದರೆ ರಸ್ತೆಯನ್ನು ಅಡ್ಡಹಾಯುವ ಮಾರ್ಗವು ನೀರಿನದಾಗಿ, ಅದರಲ್ಲಿ ಬರುವುದು ಎತ್ತರವಾದ ಹಡಗಾಗಿದ್ದರೆ ಏನು ಮಾಡಬೇಕು? ಹಡಗು ನಿಂತರೆ ವ್ಯಾಪಾರ ಕೆಡುವುದು; ರಸ್ತೆ ನಿಂತರೆ ಊರು ಎರಡಾಗುವುದು. ಇಬ್ಬರಲ್ಲಿ ಯಾರು ಕಾಯಬೇಕು, ಎಷ್ಟು ಹೊತ್ತು ಕಾಯಬೇಕು ಎಂಬ ಪ್ರಶ್ನೆಯನ್ನು ಲೋಕದ ಅನೇಕ ರೇವುಪಟ್ಟಣಗಳು ದಿನದಿನವೂ ಬಿಡಿಸಬೇಕಾಗಿದೆ. ಈ ಪಾಠದಲ್ಲಿ ನಾವು ಅದನ್ನೇ ವಿಚಾರಿಸೋಣ.

ಹಡಗುಗಳು ಹೋಗುವಷ್ಟು ಎತ್ತರಕ್ಕೆ ಸೇತುವೆಯನ್ನು ಕಟ್ಟಿಬಿಟ್ಟರೆ ತೊಂದರೆಯೇ ಇರಲಿಕ್ಕಿಲ್ಲವಷ್ಟೆ ಎಂದು ಯಾರಾದರೂ ಕೇಳಬಹುದು. ನಿಜವೇ. ಆದರೆ ಎತ್ತರದ ಸೇತುವೆಗೆ ಏರಿಹೋಗುವ ದಾರಿಯು ಎರಡು ದಡಗಳಲ್ಲಿಯೂ ಬಹುದೂರ ಚಾಚಬೇಕು. ಮನೆಗಳೂ ಅಂಗಡಿಗಳೂ ತುಂಬಿದ ಪಟ್ಟಣದಲ್ಲಿ ಅಷ್ಟು ನೆಲವೂ ಹಣವೂ ಸುಲಭವಾಗಿ ದೊರೆಯುವುದಿಲ್ಲ. ಆದಕಾರಣ ಸೇತುವೆಯನ್ನು ತಗ್ಗಾಗಿ ಕಟ್ಟಿ, ಅದರ ನಡುಭಾಗವನ್ನು ಮಾತ್ರ ತೆರೆಯುವಂತೆ ಮಾಡುತ್ತಾರೆ. ಇದರಲ್ಲಿ ಹಲವು ಬಗೆಗಳುಂಟು. ಕೆಲವು ಸೇತುವೆಗಳ ನಡುಭಾಗವು ಜೋಡಿಕದದ ಹಾಗೆ ಮೇಲಕ್ಕೆ ತೆರೆದುಕೊಳ್ಳುತ್ತದೆ; ಕೆಲವು ಗಡಿಯಾರದ ಮುಳ್ಳಿನಂತೆ ಪಕ್ಕಕ್ಕೆ ತಿರುಗುತ್ತವೆ. ಇನ್ನು ಕೆಲವುಗಳಲ್ಲಿ ನಡುತುಂಡು ನೆಟ್ಟಗೆ ಮೇಲಕ್ಕೇರುತ್ತದೆ. ರಾಮೇಶ್ವರಕ್ಕೆ ಹೋಗುವ ಪಾಂಬನ್ ರೈಲುಸೇತುವೆಯಲ್ಲಿ 1914ರಿಂದ ಕದದ ಬಗೆಯೂ, 2025ರಲ್ಲಿ ತೆರೆದ ಹೊಸ ಸೇತುವೆಯಲ್ಲಿ ಈ ನೆಟ್ಟಗೇರುವ ಬಗೆಯೂ ಕಾಣಬಂದಿವೆ.

ಇವುಗಳಲ್ಲಿ ಹೆಚ್ಚು ಪ್ರಖ್ಯಾತವಾದದ್ದು ಲಂಡನ್ನಿನ ಟವರ್ ಸೇತುವೆ. ಅದರ ಕೆಲಸವು 1886ರಲ್ಲಿ ಪ್ರಾರಂಭವಾಗಿ 1894ರಲ್ಲಿ ಮುಗಿಯಿತು. ಥೇಮ್ಸ್ ನದಿಯ ನಡುವೆ 200 ಅಡಿ ಅಗಲದ ದಾರಿಯನ್ನು ಬಿಡಲು ಅದರ ಎರಡು ಕದಗಳು ಮೇಲೇಳುತ್ತವೆ. ಒಂದೊಂದು ಕದದ ತೂಕವು 1,000 ಟನ್ನಿಗೂ ಮಿಕ್ಕಿದ್ದು. ಆದರೂ ಹಿಂಬದಿಯ ಸಮಭಾರದಿಂದಾಗಿ ಅವು ತಕ್ಕಡಿಯಂತೆ ತೂಗಿಕೊಂಡು ಹಗುರವಾಗಿ ಏಳುತ್ತವೆ. ಮೊದಲಲ್ಲಿ ಹಬೆಯ ಬಲದಿಂದ ನೀರನ್ನು ಒತ್ತಿ ಅವನ್ನು ಎತ್ತುತ್ತಿದ್ದರು. 1976ರಿಂದ ಎಣ್ಣೆಯನ್ನೂ ವಿದ್ಯುಚ್ಛಕ್ತಿಯನ್ನೂ ಉಪಯೋಗಿಸುತ್ತಾರೆ. ಕಾಲುನಡೆಯವರು ಕಾಯಬೇಕಾಗದಂತೆ ಎರಡು ಗೋಪುರಗಳ ನಡುವೆ ಎತ್ತರದಲ್ಲಿ ಓಣಿದಾರಿಯನ್ನೂ ಕಟ್ಟಿದ್ದರು. ಆದರೆ ಜನರು ಅಷ್ಟೊಂದು ಮೆಟ್ಟಿಲುಗಳನ್ನು ಹತ್ತಿಳಿಯುವುದಕ್ಕಿಂತ ಕೆಳಗೆ ನಿಂತು ಕದಗಳು ಇಳಿಯುವವರೆಗೆ ಕಾಯುವುದೇ ಲೇಸೆಂದು ಕಂಡುಕೊಂಡರು. ಉಪಯೋಗಿಸುವವರು ಕಡಿಮೆಯಾದ್ದರಿಂದ 1910ರಲ್ಲಿ ಆ ದಾರಿಯನ್ನು ಮುಚ್ಚಿದರು. ಕಾಯುವ ಹೊತ್ತು ಅಲ್ಪವಾದರೆ ಮನುಷ್ಯರು ಅದನ್ನು ಸಹಿಸುವರೆಂಬುದಕ್ಕೆ ಇದು ಒಳ್ಳೆಯ ದೃಷ್ಟಾಂತ.

ಹಾಗಾದರೆ ಕಾಯುವಿಕೆಯನ್ನು ಅಲ್ಪವಾಗಿಡುವುದು ಹೇಗೆ? ಸೇತುವೆಯೊಂದು ತೆರೆಯುವಾಗ ಹೋಗುವ ಹೊತ್ತಿನಲ್ಲಿ ಎರಡು ಪಾಲುಗಳುಂಟು. ಗಂಟೆ ಬಾರಿಸಿ ವಾಹನಗಳನ್ನು ನಿಲ್ಲಿಸುವುದು, ಸೇತುವೆಯ ಮೇಲಿರುವವರನ್ನು ದಾಟಿಸುವುದು, ಕದಗಳನ್ನು ಎತ್ತಿ ಮತ್ತೆ ಇಳಿಸುವುದು, ಇವೆಲ್ಲ ಒಂದು ಪಾಲು. ಹಡಗು ಹಾದುಹೋಗುವುದು ಇನ್ನೊಂದು ಪಾಲು. ಮೊದಲನೆಯ ಪಾಲು ಹಡಗು ಒಂದೇ ಆಗಿರಲಿ, ಹತ್ತಾಗಿರಲಿ, ಕಡಿಮೆಯಾಗುವುದಿಲ್ಲ; ಅದನ್ನು ಅವಸರದಿಂದ ಮೊಟಕು ಮಾಡುವುದೂ ಅಪಾಯ. 1952ರ ದಶಂಬರ 30ರಂದು ಟವರ್ ಸೇತುವೆಯ ಮೇಲೆ 78ನೆಯ ಸಂಖ್ಯೆಯ ಬಸ್ಸು ಇನ್ನೂ ಹೋಗುತ್ತಿರುವಾಗಲೇ ಕದವು ಏಳತೊಡಗಿತು. ಚಾಲಕನಾದ ಆಲ್ಬರ್ಟ್ ಗುಂಟರನು ವೇಗವನ್ನು ಹೆಚ್ಚಿಸಿ, ಇನ್ನೂ ಏಳದಿದ್ದ ಆಚೆಯ ಕದದ ಮೇಲಕ್ಕೆ ಬಸ್ಸನ್ನು ಹಾರಿಸಿ ಪ್ರಯಾಣಿಕರನ್ನು ಉಳಿಸಿದನು. ಅವನ ಧೈರ್ಯವು ಮೆಚ್ಚತಕ್ಕದ್ದೇ; ಆದರೆ ಅಂಥ ಧೈರ್ಯದ ಅವಶ್ಯವೇ ಬಾರದಂತೆ ನೋಡಿಕೊಳ್ಳುವುದು ಸೇತುವೆಯ ಕಾವಲಿನವರ ಧರ್ಮ.

ಈಗ ಒಂದು ಲೆಕ್ಕವನ್ನು ಮಾಡೋಣ. ಅಂಕಿಗಳು ಪಾಠಕ್ಕಾಗಿ ನಾವು ಎತ್ತಿಕೊಂಡವು. ಒಂದು ಸೇತುವೆಗೆ ಪ್ರತಿ ನಿಮಿಷಕ್ಕೆ 10 ವಾಹನಗಳು ಬರುತ್ತವೆ. ದಾರಿ ಬಿಟ್ಟ ಮೇಲೆ ನಿಮಿಷಕ್ಕೆ 30 ವಾಹನಗಳು ದಾಟಬಲ್ಲವು. ರಸ್ತೆಯು 6 ನಿಮಿಷ ಮುಚ್ಚಿದರೆ 60 ವಾಹನಗಳು ಸಾಲುಗಟ್ಟುವುವು. ದಾರಿ ಬಿಟ್ಟ ಮೇಲೆ ಆ ಸಾಲು ನಿಮಿಷಕ್ಕೆ 20ರಂತೆ ಕರಗಿ 3 ನಿಮಿಷಗಳಲ್ಲಿ ಮುಗಿಯುವುದು. ಒಂದು ವಾಹನವು ಒಂದು ನಿಮಿಷ ಕಾದರೆ ಅದನ್ನು ಒಂದು ವಾಹನ-ನಿಮಿಷವೆಂದು ಕರೆಯೋಣ. ಸಾಲು ಸೊನ್ನೆಯಿಂದ 60ಕ್ಕೆ ಏರಿ 9 ನಿಮಿಷಗಳಲ್ಲಿ ಮತ್ತೆ ಸೊನ್ನೆಗೆ ಇಳಿಯುವುದರಿಂದ ಅದರ ಚಿತ್ರವು ಒಂದು ತ್ರಿಕೋನ. ತ್ರಿಕೋನದ ಕ್ಷೇತ್ರಫಲವನ್ನು ಕಲಿತವರು 60ನ್ನು 9ರಿಂದ ಗುಣಿಸಿ ಅರ್ಧ ಮಾಡಲಿ: ಒಟ್ಟು ಕಾಯುವಿಕೆ 270 ವಾಹನ-ನಿಮಿಷ. ರಸ್ತೆಯನ್ನು ಇದರ ಇಮ್ಮಡಿ, ಅಂದರೆ 12 ನಿಮಿಷ ಮುಚ್ಚಿದರೆ? ಸಾಲು 120, ಅದು ಕರಗಲು 6 ನಿಮಿಷ, ಒಟ್ಟು 1,080. ಮುಚ್ಚುವ ಹೊತ್ತು ಎರಡು ಪಟ್ಟಾದರೆ ಕಾಯುವ ಕಷ್ಟವು ನಾಲ್ಕು ಪಟ್ಟಾಗುತ್ತದೆ! ಹಾಗೆಯೇ ಮುಚ್ಚುವ ಹೊತ್ತು 6 ನಿಮಿಷವಾಗಿಯೇ ಉಳಿದು, ನಿಮಿಷಕ್ಕೆ 10ರ ಬದಲಾಗಿ 20 ವಾಹನಗಳು ಬಂದರೂ ಉತ್ತರವು ಅದೇ 1,080. ಕಚೇರಿಗೆ ಹೋಗುವ ಹೊತ್ತಿನಲ್ಲಿ ಸೇತುವೆಯನ್ನು ತೆರೆದರೆ ಊರಿಗೆ ಊರೇ ಯಾಕೆ ಗೊಣಗುತ್ತದೆಂಬುದು ಇದರಿಂದ ತಿಳಿಯುವುದು.

ಲೆಕ್ಕವನ್ನು ಇನ್ನೊಂದು ಹೆಜ್ಜೆ ಮುಂದುವರಿಸೋಣ. ಕದ ಎತ್ತಿ ಇಳಿಸಲು 4 ನಿಮಿಷ, ಹಡಗು ಒಂದಕ್ಕೆ 1 ನಿಮಿಷ ಬೇಕೆಂದಿಟ್ಟುಕೊಳ್ಳಿರಿ. ಹತ್ತು ಹತ್ತು ನಿಮಿಷಕ್ಕೊಂದರಂತೆ ಆರು ಹಡಗುಗಳು ಬರುತ್ತವೆ. ಬಂದುಬಂದದ್ದಕ್ಕೆ ತೆರೆದರೆ ಹಡಗು ಯಾವುದೂ ಕಾಯಬೇಕಾಗಿಲ್ಲ. ರಸ್ತೆಯ ಕಾಯುವಿಕೆ 1,125 ವಾಹನ-ನಿಮಿಷ. ಎರಡೆರಡನ್ನು ಕೂಡಿಸಿ ಬಿಟ್ಟರೆ ಹಡಗುಗಳು ಎಲ್ಲ ಸೇರಿ 30 ನಿಮಿಷ ಕಾಯುವುವು. ರಸ್ತೆಯದು 810ಕ್ಕೆ ಇಳಿಯುವುದು. ಮೂರು ಮೂರನ್ನು ಕೂಡಿಸಿದರೆ ಹಡಗುಗಳದು 60, ರಸ್ತೆಯದು 735. ಆರನ್ನೂ ಒಟ್ಟಿಗೆ ತಡೆದರೆ ಹಡಗುಗಳದು 150ಕ್ಕೆ ಏರುವುದಲ್ಲದೆ ರಸ್ತೆಯದು ಕೂಡ 750ಕ್ಕೆ ಹೆಚ್ಚುವುದು. ಅಂದರೆ ಅತಿಯಾಗಿ ಕೂಡಿಸುವುದರಿಂದ ಯಾರಿಗೂ ಲಾಭವಿಲ್ಲ.

ಹಾಗಾದರೆ ಎರಡೆರಡೋ, ಮೂರು ಮೂರೋ? ಇಲ್ಲಿ ಗಣಿತವು ಸುಮ್ಮನಾಗುತ್ತದೆ. ಮೂರನ್ನು ಕೂಡಿಸಿದರೆ ರಸ್ತೆಗೆ 75 ವಾಹನ-ನಿಮಿಷ ಉಳಿಯುತ್ತದೆ, ಹಡಗುಗಳಿಗೆ 30 ನಿಮಿಷ ನಷ್ಟವಾಗುತ್ತದೆ. ಒಂದು ಹಡಗಿನ ಒಂದು ನಿಮಿಷವು ಎರಡೂವರೆ ವಾಹನಗಳ ಒಂದು ನಿಮಿಷಕ್ಕಿಂತ ಬೆಲೆಯುಳ್ಳದ್ದೋ ಅಲ್ಲವೋ ಎಂಬುದನ್ನು ಮನುಷ್ಯರೇ ತೀರ್ಮಾನಿಸಬೇಕು. ಹಡಗು ದವಸವನ್ನು ಹೊತ್ತದ್ದಾದರೆ ಒಂದು ಉತ್ತರ, ವಿಹಾರದ ದೋಣಿಯಾದರೆ ಇನ್ನೊಂದು.

ಕಾಲದ ವಿಷಯದಲ್ಲಿ ಮತ್ತೊಂದು ತೊಡಕುಂಟು. ರಸ್ತೆಯು ಸೂರ್ಯನ ಗಡಿಯಾರವನ್ನು ಅನುಸರಿಸುತ್ತದೆ. ಬೆಳಿಗ್ಗೆ ಜನ ಕೆಲಸಕ್ಕೆ ಹೋಗುವರು, ಸಂಜೆ ಮರಳುವರು. ಸಮುದ್ರಕ್ಕೆ ಸಮೀಪವಾದ ನದಿಯೋ ಚಂದ್ರನ ಗಡಿಯಾರವನ್ನು ಅನುಸರಿಸುತ್ತದೆ. ಭರತ ಇಳಿತಗಳು ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತವೆ. ಭರತವನ್ನು ತಪ್ಪಿಸಿಕೊಂಡ ದೊಡ್ಡ ಹಡಗು ಮುಂದಿನ ಭರತಕ್ಕಾಗಿ ಸುಮಾರು 12 ತಾಸು ಕಾಯಬೇಕು. ಈ ಎರಡು ಗಡಿಯಾರಗಳ ಘರ್ಷಣೆಯನ್ನು ನಮ್ಮ ದೇಶದಲ್ಲಿ ಚೆನ್ನಾಗಿ ಕಂಡದ್ದು ಕಲ್ಕತ್ತೆಯ ಹಳೆಯ ಹೌರಾ ಸೇತುವೆ. ಸರ್ ಬ್ರಾಡ್‌ಫರ್ಡ್ ಲೆಸ್ಲಿಯವರು ರಚಿಸಿದ ಆ ಸೇತುವೆಯು 1874ರಲ್ಲಿ ತೆರೆಯಿತು. 1,528 ಅಡಿ ಉದ್ದದ ಆ ದಾರಿಯು ಹೂಗ್ಲಿ ನದಿಯಲ್ಲಿ ತೇಲುವ ದೋಣಿಗಳ ಮೇಲೆ ನಿಂತಿತ್ತು. ಹಡಗು ಬಂದಾಗ ನಡುವಿನ 200 ಅಡಿಯನ್ನು ಬಿಚ್ಚಿ ಪಕ್ಕಕ್ಕೆ ಸರಿಸುತ್ತಿದ್ದರು. ಒಂದು ದಡದಲ್ಲಿ ಕಲ್ಕತ್ತೆ, ಇನ್ನೊಂದು ದಡದಲ್ಲಿ ಹೌರಾ ರೈಲು ನಿಲ್ದಾಣ! ಸೇತುವೆ ಬಿಚ್ಚಿದ್ದಾಗ ಅವೆರಡರ ನಡುವೆ ಬಂಡಿಗಳಿಗೆ ದಾರಿಯಿರಲಿಲ್ಲ. 1906ರಲ್ಲಿ ರೇವಿನವರು ವಾಹನಗಳನ್ನು ಎಣಿಸಿ ನೋಡಿದಾಗ ಹೆಚ್ಚು ಸಂದಣಿಯ ದಿನದಂದು 13ರಲ್ಲಿ 8 ಪಾಲು ಎತ್ತಿನ ಗಾಡಿಗಳೇ ಆಗಿದ್ದವು. ಅಂಥ ನಿಧಾನದ ಸಾಲು ಬೇಗ ಕರಗುವುದು ಹೇಗೆ? ಆ ವರುಷದ ಆಗಸ್ಟಿನವರೆಗೂ ಸೇತುವೆಯನ್ನು ಹಗಲಲ್ಲಿ ಮಾತ್ರ ತೆರೆಯುತ್ತಿದ್ದರು. ಆ ಮೇಲೆ ಸಾಗರದ ದೊಡ್ಡ ಹಡಗುಗಳನ್ನು ಬಿಟ್ಟು ಉಳಿದವೆಲ್ಲ ರಾತ್ರಿಯಲ್ಲಿ ಹಾದುಹೋಗುವಂತೆ ಗೊತ್ತುಮಾಡಿದರು. ಸೇತುವೆಗೆ ಒಂದು ಮೊಳೆಯನ್ನೂ ಸೇರಿಸದೆ, ಹೊತ್ತನ್ನು ಬದಲಾಯಿಸಿದ ಮಾತ್ರದಿಂದಲೇ ರಸ್ತೆಯ ಭಾರವನ್ನು ಇಳಿಸಿದ ಉಪಾಯವಿದು. 1943ರಲ್ಲಿ ಎತ್ತರವಾದ ಹೊಸ ಉಕ್ಕಿನ ಸೇತುವೆ ತೆರೆದ ಮೇಲೆಯೇ ಅಲ್ಲಿ ತೆರೆದು ಮುಚ್ಚುವ ಕಷ್ಟವು ಕೊನೆಗಂಡಿತು.

ಬೇರೆ ದೇಶದವರು ಇದೇ ಪ್ರಶ್ನೆಯನ್ನು ಬೇರೆ ಬೇರೆ ರೀತಿಯಲ್ಲಿ ಬಿಡಿಸಿದ್ದಾರೆ. ರಷ್ಯದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ನೀವಾ ನದಿಯ ಸೇತುವೆಗಳನ್ನು ಹಿಮ ಕರಗಿದ ತಿಂಗಳುಗಳಲ್ಲಿ ರಾತ್ರಿ ಮಾತ್ರವೇ, ಪ್ರಕಟಿಸಿದ ಪಟ್ಟಿಯ ಪ್ರಕಾರ, ಎತ್ತುತ್ತಾರೆ. ಅಮೆರಿಕದ ಶಿಕಾಗೋದಲ್ಲಿ ವಸಂತದಲ್ಲಿಯೂ ಶರತ್ಕಾಲದಲ್ಲಿಯೂ ಹಾಯಿದೋಣಿಗಳನ್ನು ಗುಂಪುಗೂಡಿಸಿ, ವಾರದಲ್ಲಿ ಗೊತ್ತಾದ ದಿನಗಳಂದು ಒಂದಾದ ಮೇಲೊಂದು ಸೇತುವೆಯನ್ನೆತ್ತಿ ಬಿಡುತ್ತಾರೆ. ಅದೇ ದೇಶದ ಸಿಯಾಟಲ್ ಪಟ್ಟಣದ ಫ್ರೀಮಾಂಟ್ ಸೇತುವೆಯು 1917ರಲ್ಲಿ ಕಟ್ಟಿದ್ದು. ನೀರಿನಿಂದ 30 ಅಡಿ ಮಾತ್ರ ಎತ್ತರವಾದ್ದರಿಂದ ದಿನಕ್ಕೆ ಸರಾಸರಿ ಸುಮಾರು 35 ಸಲ ತೆರೆಯುತ್ತದೆ. ಅಲ್ಲಿ ದೋಣಿಯು ಒಂದು ದೀರ್ಘ, ಒಂದು ಹ್ರಸ್ವ ಸಿಳ್ಳು ಹಾಕಿದರೆ ಸೇತುವೆಯವನು ಅದೇ ಪ್ರಕಾರ ಉತ್ತರ ಕೊಟ್ಟು ತೆರೆಯುವನು. ಐದು ಹ್ರಸ್ವ ಸಿಳ್ಳುಗಳಾದರೆ ‘ಈಗ ಆಗದು, ಕಾಯಿರಿ’ ಎಂದರ್ಥ. ಕೆಲಸದ ದಿನಗಳಲ್ಲಿ ಬೆಳಿಗ್ಗೆ 7ರಿಂದ 9ರವರೆಗೂ ಸಂಜೆ 4ರಿಂದ 6ರವರೆಗೂ 1,000 ಟನ್ನಿಗಿಂತ ಸಣ್ಣದಾದ ದೋಣಿಗಳಿಗಾಗಿ ತೆರೆಯಬೇಕಾಗಿಲ್ಲವೆಂದು ಅಲ್ಲಿ ನಿಯಮವುಂಟು. ದೊಡ್ಡ ಹಡಗಿಗೆ ಆಗಲೂ ತೆರೆಯತಕ್ಕದ್ದು. ಅದು ಇಕ್ಕಟ್ಟಾದ ನೀರಿನಲ್ಲಿ ಸುಲಭವಾಗಿ ನಿಲ್ಲಲಾರದು, ತಿರುಗಲಾರದು. ನಾವು ಮೇಲೆ ಗಣಿತವು ಸುಮ್ಮನಾಯಿತೆಂದು ಹೇಳಿದ ಸ್ಥಳದಲ್ಲಿ ಈ ಊರಿನವರು 1,000 ಟನ್ನೆಂಬ ಗೆರೆಯನ್ನು ಎಳೆದಿದ್ದಾರೆ.

ಆದರೆ ಯಾವ ಪಟ್ಟಿಯೂ ಜೀವಕ್ಕಿಂತ ದೊಡ್ಡದಲ್ಲ. ಬೆಂಕಿ ಆರಿಸುವ ಬಂಡಿಯೋ ರೋಗಿಯನ್ನು ಒಯ್ಯುವ ಬಂಡಿಯೋ ಬರುತ್ತಿದೆಯೆಂದು ತಿಳಿದರೆ, ಅದು ಬರುವಷ್ಟರಲ್ಲಿ ಸೇತುವೆಯನ್ನು ಮುಚ್ಚಿ ಸಿದ್ಧವಾಗಿಡಲು ತಕ್ಕ ಪ್ರಯತ್ನವನ್ನೆಲ್ಲ ಮಾಡಬೇಕೆಂದು ಅಮೆರಿಕದ ನಿಯಮವು ವಿಧಿಸುತ್ತದೆ; ಅಪಾಯದಲ್ಲಿರುವ ಹಡಗಿಗೂ ಹಾಗೆಯೇ ಕೂಡಲೆ ತೆರೆಯಬೇಕು. ಪಟ್ಟಿಯನ್ನು ಬರೆಯುವುದಷ್ಟೇ ಸಾಲದು, ಅದನ್ನು ಯಾವಾಗ ಬದಿಗಿಡಬೇಕೆಂಬುದನ್ನೂ ಅದರೊಳಗೇ ಬರೆದಿಡಬೇಕು.

ಟವರ್ ಸೇತುವೆಯಲ್ಲಿ ಹಡಗಿಗೇ ಮೊದಲ ಹಕ್ಕು. 30 ಅಡಿಗೆ ಕಡಿಮೆಯಲ್ಲದ ಕಂಬವುಳ್ಳ ಹಡಗಿನವರು 24 ತಾಸು ಮುಂಚಿತವಾಗಿ ತಿಳಿಸಿದರೆ ಹಣವಿಲ್ಲದೆ ಸೇತುವೆಯನ್ನು ಎತ್ತಿಸಿಕೊಳ್ಳಬಹುದು. ಮೊದಲ ವರುಷದಲ್ಲಿ ಅದು ಆರು ಸಾವಿರಕ್ಕೂ ಹೆಚ್ಚು ಸಲ ಎದ್ದಿತು. ಈಗ ವರುಷಕ್ಕೆ ಸುಮಾರು 800 ಸಲ. 1997ರ ಮೇ ತಿಂಗಳಲ್ಲಿ ಅಮೆರಿಕದ ಅಧ್ಯಕ್ಷರಾದ ಕ್ಲಿಂಟನ್ನರು ಲಂಡನ್ನಿಗೆ ಬಂದಿದ್ದಾಗ ಅವರ ವಾಹನಗಳ ಸಾಲು ಈ ಸೇತುವೆಯಲ್ಲಿ ಎರಡಾಗಿ ಹರಿಯಿತು. ‘ಗ್ಲಾಡಿಸ್’ ಎಂಬ ಹಾಯಿನಾವೆಯು ಗೊತ್ತಾದ ಹೊತ್ತಿಗೆ ಬಂದದ್ದರಿಂದ ಕದಗಳು ಎದ್ದಿದ್ದವು! ಲೋಕದ ಬಲಿಷ್ಠ ಅಧಿಕಾರಿಯ ಪರಿವಾರವೂ ಒಂದು ನಾವೆಗಾಗಿ ಕಾಯಬೇಕಾಯಿತು. ಮುಂಚೆ ಹೇಳಿ ಹೊತ್ತನ್ನು ಪಡೆದವರ ಹಕ್ಕು ಚಿಕ್ಕವರೆಂದು ಕರಗಲಿಲ್ಲ.

ಕಾಯುವಿಕೆಯನ್ನು ಲೋಕದಿಂದ ತೆಗೆದುಹಾಕುವುದು ಯಾವ ಯಂತ್ರಶಿಲ್ಪಿಯಿಂದಲೂ ಆಗದು. ಅದನ್ನು ಹಂಚುವುದು ಮಾತ್ರ ಸಾಧ್ಯ. ಹಂಚಿದ್ದು ನ್ಯಾಯವಾಗಬೇಕಾದರೆ ಎರಡು ಕಡೆಯ ನಷ್ಟವನ್ನೂ ಎಣಿಸಿರಬೇಕು, ಗೊತ್ತುಮಾಡಿದ ಹೊತ್ತನ್ನು ಎಲ್ಲರಿಗೂ ಮುಂದಾಗಿ ತಿಳಿಸಿರಬೇಕು, ತಿಳಿಸಿದಂತೆ ನಡೆಯಬೇಕು. ಯಾವಾಗ ಮುಗಿಯುವುದೆಂದು ತಿಳಿಯದ ಐದು ನಿಮಿಷವು ಗೊತ್ತಿರುವ ಹತ್ತು ನಿಮಿಷಕ್ಕಿಂತ ಉದ್ದವಾಗಿ ತೋರುವುದಷ್ಟೆ.

ಓದುವ ಸೋದರಿಯರಿಗೆ ಒಂದು ಅಭ್ಯಾಸ: ಮೇಲಿನ ಆರು ಹಡಗುಗಳ ಲೆಕ್ಕವನ್ನು ನಿಮಿಷಕ್ಕೆ 20 ವಾಹನಗಳು ಬರುವ ಹೊತ್ತಿಗೆ ಅನ್ವಯಿಸಿ, ಎರಡೆರಡಾಗಿ ಬಿಟ್ಟರೆ 3,240, ಮೂರು ಮೂರಾಗಿ ಬಿಟ್ಟರೆ 2,940 ವಾಹನ-ನಿಮಿಷಗಳಾಗುವುವೆಂದು ತೋರಿಸಿರಿ. ಆ ಮೇಲೆ, ಆ ಹೊತ್ತಿನಲ್ಲಿ ನೀವೇ ಸೇತುವೆಯ ಕಾವಲಿನವರಾಗಿದ್ದರೆ ಯಾರನ್ನು ಎಷ್ಟು ಕಾಯಿಸುವಿರಿ, ಯಾಕೆ ಎಂಬುದನ್ನು ಐದು ವಾಕ್ಯಗಳಲ್ಲಿ ಬರೆಯಿರಿ.