ಬಟವಾಡೆ ಚೀಟಿಯನ್ನು ಮೇಲಿನಿಂದ ಓದೋಣ

ಬೆಟ್ಟಂಪಾಡಿ ಕಡೆಯ ಹೈನುಗಾರ ಅಕ್ಕಂದಿರೇ, ಬಟವಾಡೆಯ ದಿನ ಸಂಘದಲ್ಲಿ ಕಂಪ್ಯೂಟರ್ ಚೀಟಿ ಕೈಗೆ ಬಂದ ಕೂಡಲೇ ನಮ್ಮ ಕಣ್ಣು ಹೋಗುವುದು ಕೊನೆಯ ಸಾಲಿಗೆ. ಅಲ್ಲಿ ಮೊತ್ತ ಕಡಿಮೆಯಾಗಿದ್ದರೆ "ಈ ದನ ಸಾಕಿ ಪ್ರಯೋಜನ ಇಲ್ಲ, ಮಾರಿಬಿಡುವ" ಎಂಬ ಮಾತು ಮನೆಯಲ್ಲಿ ಏಳುತ್ತದೆ. ಮಾರುವ ಮೊದಲು ಅದೇ ಚೀಟಿಯನ್ನು ಮೇಲಿನಿಂದ ಒಮ್ಮೆ ಓದಿ.

ಒಂದು ಲೆಕ್ಕ ನೋಡೋಣ. ದರಗಳು ಕೂಡಿಸಲು ಸುಲಭವಾಗಲೆಂದು ಹಿಡಿದವು. ದಿನಕ್ಕೆ 10 ಲೀಟರಿನಂತೆ 15 ದಿನಕ್ಕೆ 150 ಲೀಟರ್. ಲೀಟರಿಗೆ 38 ರೂಪಾಯಿಯಾದರೆ ಹಾಲಿನ ಮೊತ್ತ 5,700. ಮೊದಲ ಚೀಟಿಯಲ್ಲಿ 50 ಕಿಲೋದ ಒಂದು ಚೀಲ ಪಶು ಆಹಾರಕ್ಕೆ 1,500 ಕಡಿತ, ಕೈಗೆ 4,200. ಮುಂದಿನ ಚೀಟಿಯಲ್ಲಿ ಎರಡು ಚೀಲ, 3,000 ಕಡಿತ, ಕೈಗೆ ಬರೇ 2,700. ಆದರೆ ದನ ಎರಡು ಸಲವೂ ಅಷ್ಟೇ ಹಾಲು ಕೊಟ್ಟಿದೆ, ದಿನಕ್ಕೆ 4 ಕಿಲೋದಂತೆ 60 ಕಿಲೋ ತಿಂದಿದೆ. ಅದರ ಬೆಲೆ 1,800. ಆಹಾರದ ಖರ್ಚು ಕಳೆದು ಉಳಿದದ್ದು ಎರಡು ಸಲವೂ 3,900. ಮೊದಲ ಸಲ ಹಳೆಯ ಚೀಲದ 10 ಕಿಲೋ ಖರ್ಚಾಗಿತ್ತು. ಎರಡನೆಯ ಸಲ 40 ಕಿಲೋ ಹಟ್ಟಿಯ ಮೂಲೆಯಲ್ಲಿ ಉಳಿದಿದೆ. ಸಂಘದ ಕಂಪ್ಯೂಟರಿಗೆ ನೀವು ಚೀಲ ಕೊಂಡದ್ದು ಗೊತ್ತು, ದನ ತಿಂದದ್ದು ಗೊತ್ತಿಲ್ಲ. ಹಾಗಾಗಿ ಚೀಲ ಒಡೆದ ತಾರೀಕನ್ನು ಹಟ್ಟಿಯ ಗೋಡೆಯಲ್ಲೇ ಇದ್ದಿಲಿನಿಂದ ಬರೆದರೂ ಸಾಕು.

ಇನ್ನು ಫ್ಯಾಟ್. ಬೆಳಿಗ್ಗೆ 6 ಲೀಟರಿಗೆ 3.4, ಸಂಜೆ 4 ಲೀಟರಿಗೆ 4.2 ಬಂದರೆ ಸರಾಸರಿ 3.8 ಎಂದು ನಾವು ಹೇಳುತ್ತೇವೆ, ಚೀಟಿ 3.72 ಎನ್ನುತ್ತದೆ. ಚೀಟಿಯೇ ಸರಿ, ಬೆಳಗಿನ ಹಾಲು ಹೆಚ್ಚಲ್ಲವೇ! ಇಲ್ಲಿ ಕಾರ್ಯದರ್ಶಿಯ ಮೇಲೆ ಸಿಟ್ಟು ಮಾಡಬೇಡಿ. ಆದರೆ ಸರಾಸರಿಯನ್ನಷ್ಟೇ ನೋಡಿದರೆ ದಿನದಿನದ ಇಳಿಕೆ ಅದರೊಳಗೆ ಅಡಗಿಬಿಡುತ್ತದೆ. ಮಳೆ ಹಿಡಿದ ಹೊಸತರಲ್ಲಿ ತೋಟದ ಎಳೆ ಹುಲ್ಲನ್ನೇ ಹಾಕಿದರೆ ನಾರು ಸಾಲದೆ ಫ್ಯಾಟ್ ಇಳಿಯುತ್ತದೆ. ಜೊತೆಗೆ ಬೈಹುಲ್ಲು ಕೊಡಿ. ಹಾಲೂ ಎಸ್‌ಎನ್‌ಎಫ್ ಕೂಡಾ ಒಟ್ಟಿಗೆ ಇಳಿಯುತ್ತಿದ್ದರೆ ಕೆಚ್ಚಲು ಬಾವು ಒಳಗೊಳಗೇ ಶುರುವಾಗಿರಬಹುದು. ಹೊರಗೆ ಊತ ಕಾಣುವ ಮೊದಲೇ ಚೀಟಿಯಲ್ಲಿ ಸುಳಿವು ಸಿಗುತ್ತದೆ, ವೈದ್ಯರಿಗೆ ತೋರಿಸಿ.

ಸರಕಾರದ ಪ್ರೋತ್ಸಾಹಧನವನ್ನು ಈ ಚೀಟಿಯಲ್ಲಿ ಹುಡುಕಬೇಡಿ. 2008ರಲ್ಲಿ ಲೀಟರಿಗೆ 2 ರೂಪಾಯಿಯಿಂದ ಆರಂಭವಾಗಿ 2016ರಲ್ಲಿ 5 ರೂಪಾಯಿಗೆ ಏರಿದ ಆ ಹಣ, ಸಂಘವು ಕ್ಷೀರಸಿರಿ ತಂತ್ರಾಂಶದಲ್ಲಿ ತುಂಬಿದ ಲೀಟರ್ ಲೆಕ್ಕದ ಮೇಲೆ ನೇರ ಬ್ಯಾಂಕ್ ಖಾತೆಗೆ ಬರುತ್ತದೆ, ತಡವಾಗಿ ಬರುವುದೂ ಉಂಟು. 150 ಲೀಟರಿಗೆ 750 ರೂಪಾಯಿ. ಪಾಸ್‌ಪುಸ್ತಕದಲ್ಲಿ ತಾಳೆ ನೋಡಿ; ಖಾತೆ ಯಾರ ಹೆಸರಿನಲ್ಲಿದೆ ಎಂಬುದನ್ನೂ. ದನ ಕರೆಯುವವರು ನೀವು, ಖಾತೆ ಮತ್ತೊಬ್ಬರದ್ದಾದರೆ ನಿಮ್ಮ ದುಡಿಮೆ ಯಾವ ದಾಖಲೆಯಲ್ಲೂ ಕಾಣುವುದಿಲ್ಲ.

ನಿಮ್ಮ ಸದಸ್ಯ ಸಂಖ್ಯೆ ಹೇಳಿ ಮೂರು ತಿಂಗಳ ವಿವರ ಕೇಳಿ. ಹೊತ್ತು ಹೊತ್ತಿನ ಲೀಟರ್, ಫ್ಯಾಟ್, ಎಸ್‌ಎನ್‌ಎಫ್, ದರ ಬೇರೆ, ಕಡಿತ ಬೇರೆ ಇರಲಿ. ಹಾಗೆ ಅಚ್ಚಾಗುವುದಿಲ್ಲ ಎಂದಾದರೆ ಮಹಾಸಭೆಯಲ್ಲಿ ಎದ್ದು ನಿಂತು ಕೇಳಿ. ದಿನದಿನದ ಅಂಕೆಗಳು ಕಂಪ್ಯೂಟರಿನೊಳಗೆ ಈಗಾಗಲೇ ಇವೆ.